ಹಲ್ಲುಚಕ್ರದ ಪಾಠ

ನಮ್ಮ ಹುಣಸಮಾರನಹಳ್ಳಿಯಲ್ಲಿ ಜೆಸಿಬಿ ಮಣ್ಣೆತ್ತುವಾಗ ಹುಡುಗಿಯರೂ ಕಣ್ಣರಳಿಸಿ ನೋಡುತ್ತಾರೆ. ಹುಟ್ಟುಹಬ್ಬಕ್ಕೆ ನಾವು ಅವರಿಗೆ ಕೊಡುವುದು ಮಾತ್ರ ಗೊಂಬೆ.

ಡೆನ್ಮಾರ್ಕಿನ ಲೆಗೋ ಕಂಪನಿ 2019ರಲ್ಲಿ ಮಣ್ಣು ಅಗೆಯುವ ದೊಡ್ಡ ಯಂತ್ರವೊಂದರ ಮಾದರಿ ತಂದಿತು. 4,108 ತುಂಡುಗಳು, 7 ಮೋಟಾರುಗಳು, ನಡೆಸುವುದು ಮೊಬೈಲಿನಿಂದ. ಬೆರಗಿನ ವಸ್ತುವೇ ಸರಿ. ಆದರೆ ಚಿತ್ರಪುಸ್ತಕ ತೋರಿಸಿದಂತೆ ಜೋಡಿಸಿ ಮುಗಿಸಿದರೆ ಕಾಪಿ ಬರೆದ ಹಾಗೆ: ಅಕ್ಷರ ದುಂಡಗಾಗುತ್ತದೆ, ಬುದ್ಧಿ ಅಲ್ಲೇ ಇರುತ್ತದೆ.

ನಿಜವಾದ ಪಾಠ ಹಲ್ಲುಚಕ್ರದಲ್ಲಿದೆ. 8 ಹಲ್ಲಿನ ಚಕ್ರ 24 ಹಲ್ಲಿನದನ್ನು ತಿರುಗಿಸಿದರೆ ವೇಗ ಮೂರರಲ್ಲೊಂದು ಪಾಲು, ತಿರುಗಿಸುವ ಬಲ ಹೆಚ್ಚುಕಡಿಮೆ ಮೂರು ಪಟ್ಟು. ಇದನ್ನು ಕಲಿಯಲು ದುಬಾರಿ ಪೆಟ್ಟಿಗೆ ಬೇಡ. ಒಂದು ಮೋಟಾರು, ನಾಲ್ಕು ಚಕ್ರ ಸಾಕು. ಕಟ್ಟಿದ್ದನ್ನು ಬಿಚ್ಚಿ ತನ್ನದೇ ಒಂದನ್ನು ಕಟ್ಟಲಿ. ಮಗಳಿಗೂ ಕೊಟ್ಟು ನೋಡಿ.