ಮೇಲಿಂದ ಕಂಡ ರಂಗೋಲಿ

ಲಂಡನ್ನಿನ ಅನೇಕರಿಗೆ ‘ನಟ್‌ಕ್ರ್ಯಾಕರ್’ ಬ್ಯಾಲೆ ನೋಡದೆ ಕ್ರಿಸ್‌ಮಸ್ ಕಳೆಗಟ್ಟುವುದಿಲ್ಲ. ಕೋವೆಂಟ್ ಗಾರ್ಡನ್ನಿನ ರಾಯಲ್ ಆಪೆರಾ ಹೌಸ್‌ನಲ್ಲಿ ಕೆಳಗಿನ ಸೀಟುಗಳು ದುಬಾರಿ. ಕೈ ಬಿಗಿಯಿದ್ದವರು ಮೆಟ್ಟಿಲೇರಿ ‘ಆಂಫಿಥಿಯೇಟರ್’ ಎಂಬ ಮೇಲಿನ ಗ್ಯಾಲರಿ ಸೇರುತ್ತಾರೆ. ನರ್ತಕಿಯ ಮುಖಭಾವ ಅಲ್ಲಿಂದ ಸರಿಯಾಗಿ ಕಾಣದು, ನಿಜ. ಆದರೆ ಹಿಮದ ಹರಳುಗಳ ನೃತ್ಯ ಶುರುವಾಗಲಿ: ಮರೆಯಿಂದ ಪದವಿಲ್ಲದ ಗಾನ, ರಂಗದ ಮೇಲೆ ಬಿಳಿಯುಡುಗೆಯ ಸಾಲುಗಳು. ಕೂಡುತ್ತ, ಚದುರುತ್ತ, ಸುತ್ತುತ್ತ ಅವು ರಂಗೋಲಿ ಬಿಡಿಸುತ್ತವೆ. ರಂಗೋಲಿಯ ಚೆಂದ ಮೇಲಿಂದ ನೋಡಿದವರಿಗೇ ಗೊತ್ತು.

1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೊದಲು ರಂಗವೇರಿದ ಈ ಬ್ಯಾಲೆಗೆ ಸಂಗೀತ ಸಂಯೋಜಕ ಚೈಕೋವ್‌ಸ್ಕಿ ಆಗಿನ್ನೂ ಹೊಸದಾಗಿದ್ದ ಸೆಲೆಸ್ಟಾ ವಾದ್ಯವನ್ನು ತಂದರು. ಸಕ್ಕರೆ ಯಕ್ಷಿಣಿ ಕುಣಿಯುವಾಗ ಅದರ ಕಿರುಗಂಟೆಯ ನಾದ ತೇಲಿ ಬರುತ್ತದೆ, ಟಿಕೆಟ್ಟಿನ ಬೆಲೆ ಕೇಳದೆ.