ಹಸನು ಮಾಡುವ ವಿದ್ಯೆ, ಹೆಸರು ಕಲಿಸುವ ಪಾಠ

ಬೀದರ್ ಜಿಲ್ಲೆಯ ಬೇಮಳಖೇಡದ ಸುತ್ತ ತೊಗರಿಯ ರಾಶಿ ಮುಗಿದ ಮೇಲೆ ಮನೆಯಲ್ಲಿ ಬೇಳೆ ಮಾಡುವುದನ್ನು ಗಮನಿಸಿ. ಒಡೆದ ತೊಗರಿಯನ್ನು ಮೊರದಲ್ಲಿ ಕೇರಿದರೆ ಹೊಟ್ಟು ಹಾರುತ್ತದೆ. ಸಾಣಿಗೆ ಹಿಡಿದರೆ ನುಚ್ಚು ಇಳಿಯುತ್ತದೆ. ಬೇಳೆಯಷ್ಟೇ ದಪ್ಪದ ಕಲ್ಲನ್ನು ಕಣ್ಣಿಟ್ಟು ಆರಿಸಬೇಕು. ಇಷ್ಟಕ್ಕೂ ಸೇರಿ ಇಲ್ಲಿರುವುದು ಒಂದೇ ಮಾತು: ಹಸನು ಮಾಡುವುದು.

ಎನ್‌ಸಿಇಆರ್‌ಟಿ 2006ರಲ್ಲಿ ತಂದ, ಮುಂದೆ ಕರ್ನಾಟಕವೂ ಅಳವಡಿಸಿಕೊಂಡ ಆರನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇದೇ ವಿದ್ಯೆಗೆ ಒಂದು ಅಧ್ಯಾಯವಿದೆ. ಅದರ ಆರಂಭವನ್ನು ಮೆಚ್ಚಲೇಬೇಕು. ಚಹಾ ಸೋಸುವುದು, ಮೊಸರು ಕಡೆದು ಬೆಣ್ಣೆ ತೆಗೆಯುವುದು, ಕಾಳನ್ನು ದಂಟಿನಿಂದ ಬಿಡಿಸುವುದು ಹೀಗೆ ಮಗು ಕಂಡ ಕೆಲಸಗಳಿಂದಲೇ ಪಾಠ ಹೊರಡುತ್ತದೆ. ಯಾಕೆ ಬೇರ್ಪಡಿಸುತ್ತೇವೆ ಎಂಬ ಪ್ರಶ್ನೆಯನ್ನೂ ಎತ್ತುತ್ತದೆ.

ಕೊರತೆ ಅಲ್ಲಿಂದ ಮುಂದೆ. ಆರಿಸುವುದು, ಒಕ್ಕುವುದು, ತೂರುವುದು, ಜರಡಿ, ಬಸಿಯುವುದು, ಸೋಸುವುದು, ಆವಿಯಾಗಿಸುವುದು ಎಂದು ವಿಧಾನಗಳು ಸಾಲಾಗಿ ಬರುತ್ತವೆ. ತರಗತಿಯಲ್ಲಿ ಆ ಸಾಲು ಪಟ್ಟಿಯಾಗುತ್ತದೆ, ಪರೀಕ್ಷೆಯಲ್ಲಿ ಪಟ್ಟಿಯೇ ಉತ್ತರವಾಗುತ್ತದೆ. ಎರಡು ವಸ್ತುಗಳ ನಡುವೆ ಯಾವ ಗುಣ ಬೇರೆಯಾಗಿದೆ, ಆ ವ್ಯತ್ಯಾಸವನ್ನು ಹಿಡಿಯುವ ಉಪಾಯ ಯಾವುದು ಎಂಬುದೇ ಈ ವಿದ್ಯೆಯ ಜೀವ. ಪಟ್ಟಿಯಲ್ಲಿ ಆ ಜೀವ ಉಳಿಯುವುದಿಲ್ಲ.

ತೂರುವುದನ್ನೇ ನೋಡೋಣ. ಭಾರವಾದದ್ದು ಹತ್ತಿರ ಬೀಳುತ್ತದೆ, ಹಗುರವಾದದ್ದು ದೂರ ಹಾರುತ್ತದೆ ಎಂಬುದು ಪಾಠದ ವಿವರಣೆ. ಆದರೆ ಜೋಳದ ಒಣಗರಿಯ ತುಂಡೊಂದು ಒಂದು ಕಾಳಿಗಿಂತ ಹೆಚ್ಚು ತೂಗಬಹುದು. ಆದರೂ ಗಾಳಿಗೆ ಹಾರುವುದು ಗರಿಯೇ. ತೂಕವೊಂದೇ ಇಲ್ಲಿ ತೀರ್ಮಾನ ಮಾಡುವುದಿಲ್ಲ. ಆ ತೂಕಕ್ಕೆ ಎಷ್ಟು ಮೈ ಗಾಳಿಗೆ ಒಡ್ಡಿಕೊಂಡಿದೆ ಎಂಬುದೂ ಸೇರುತ್ತದೆ. ಇದನ್ನು ಹೇಳಿಕೊಟ್ಟರೆ ಕಾಳಿನ ಗಾತ್ರದ ಕಲ್ಲು ಗಾಳಿಗೆ ಬಗ್ಗದೆ ಕಾಳಿನ ಜತೆಗೇ ಯಾಕೆ ಬೀಳುತ್ತದೆ, ಆಮೇಲೆ ಕಣ್ಣು ಬೆರಳುಗಳೇ ಯಾಕೆ ಬೇಕು ಎಂಬುದು ಮಗುವಿಗೆ ತಾನಾಗಿ ಹೊಳೆಯುತ್ತದೆ. ತೂರುವುದಕ್ಕೂ ಕೇರುವುದಕ್ಕೂ ಕನ್ನಡದಲ್ಲಿ ಬೇರೆ ಬೇರೆ ಪದಗಳಿವೆ. ಒಂದರಲ್ಲಿ ಬೀಸುವ ಗಾಳಿಗೆ ಕಾಯಬೇಕು, ಇನ್ನೊಂದರಲ್ಲಿ ಮೊರವೇ ಗಾಳಿ ಎಬ್ಬಿಸುತ್ತದೆ. ಇಂಥ ಸೂಕ್ಷ್ಮ ಭೇದ ಭಾಷೆಯಲ್ಲೇ ಇರುವಾಗ ಪಾಠ ಅದನ್ನು ಬಳಸಿಕೊಳ್ಳದಿರುವುದು ದೊಡ್ಡ ನಷ್ಟ.

ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇದೇ ಕೊರತೆ ಇನ್ನೊಂದು ರೂಪದಲ್ಲಿದೆ. ಮಿಶ್ರಲೋಹಗಳು ಮಿಶ್ರಣಗಳೇ, ಆದರೆ ಅವುಗಳ ಘಟಕಗಳನ್ನು ಭೌತ ವಿಧಾನಗಳಿಂದ ಬೇರ್ಪಡಿಸಲಾಗದು ಎನ್ನುತ್ತದೆ ಅದು. ಬೀದರ್ ಜಿಲ್ಲೆಯ ಮಗುವಿಗೆ ಮಿಶ್ರಲೋಹ ಎಂದರೆ ಬಿದ್ರಿ: ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ತಾಮ್ರ ಕುದಿಯಲು 2,500 ಡಿಗ್ರಿ ದಾಟಬೇಕು. ಇಷ್ಟು ಅಂತರವಿದ್ದಲ್ಲಿ ಸತುವನ್ನು ಆವಿಯಾಗಿಸಿ ತೆಗೆಯುವ ದಾರಿ ಇದ್ದೇ ಇದೆ. ರಾಜಸ್ಥಾನದ ಝಾವರ್‌ನಲ್ಲಿ ಶತಮಾನಗಳ ಹಿಂದೆಯೇ ಅದಿರಿನಿಂದ ಸತುವನ್ನು ಆವಿಯಾಗಿಸಿ, ತಣಿಸಿ ಹಿಡಿಯುತ್ತಿದ್ದರು. ಶಾಲೆಯ ಸಲಕರಣೆಗಳಿಂದ ಆಗದು ಎಂದಿದ್ದರೆ ಸರಿಯಿತ್ತು. ಆಗದು ಎಂದಷ್ಟೇ ಹೇಳಿದ್ದರಿಂದ ಪ್ರಶ್ನೆಯ ಬಾಗಿಲು ಮುಚ್ಚಿತು.

ಈ ಕೊರತೆ ತುಂಬಲು ಹೊಸ ಪ್ರಯೋಗಾಲಯವೇನೂ ಬೇಡ. ಒಂದು ಬಟ್ಟಲಲ್ಲಿ ಬೇಳೆ, ಹೊಟ್ಟು, ನುಚ್ಚು, ಮರಳು, ಉಪ್ಪು ಬೆರೆಸಿ ಕೊಡಿ. ಯಾವುದನ್ನು ಮೊದಲು ತೆಗೆಯುತ್ತೀ, ಯಾಕೆ ಎಂದು ಕೇಳಿ. ನೀರು ಮೊದಲೇ ಸುರಿದ ಮಗುವಿನ ಹೊಟ್ಟು ಒದ್ದೆಯಾಗಿ ಬೇಳೆಗೆ ಅಂಟುತ್ತದೆ, ಕೇರುವ ದಾರಿ ತಪ್ಪುತ್ತದೆ. ಮುಂದಿನ ಸಲ ಆ ಮಗು ಮೊರವನ್ನೇ ಮೊದಲು ಕೈಗೆತ್ತಿಕೊಳ್ಳುತ್ತದೆ. ಹಾಗೆ ಕಲಿತ ಕ್ರಮಕ್ಕೂ ಹೇಳಿದ ಕಾರಣಕ್ಕೂ ಅಂಕ ಸಿಗಲಿ.