ತೊಟ್ಟಿಗೆ ಯಾವ ತೊರಕೆ?

2015ರ ಜುಲೈನಲ್ಲಿ ಶಿಕಾಗೊ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದ ಟಚ್ ಟ್ಯಾಂಕ್‌ನಲ್ಲಿದ್ದ, ಅಂದರೆ ಜನ ಕೈಯಿಳಿಸಿ ಮೀನು ಮುಟ್ಟುವ ತೊಟ್ಟಿಯಲ್ಲಿದ್ದ, 54 ತೊರಕೆಗಳೂ (ಸ್ಟಿಂಗ್‌ರೇ) ಸತ್ತವು. ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. 2008ರಲ್ಲಿ ಕೆನಡಾದ ಕ್ಯಾಲ್ಗರಿ ಮೃಗಾಲಯದಲ್ಲೂ ಇದೇ ಕಾರಣಕ್ಕೆ ನಲವತ್ತಕ್ಕೂ ಹೆಚ್ಚು ಸತ್ತಿದ್ದವು. ಯಂತ್ರ ಕೈಕೊಟ್ಟಿತು, ಯಾರೋ ಎಡವಿದರು ಎಂದು ಕಡತ ಮುಚ್ಚಬಹುದು. ನನ್ನ ತಕರಾರು ಅದಕ್ಕೂ ಹಿಂದಿನದು: ಇಂಥ ತೊಟ್ಟಿಗೆ ಆ ಮೀನನ್ನೇ ಏಕೆ ತಂದರು?

ಬ್ರೂಕ್‌ಫೀಲ್ಡ್‌ನ 54ರಲ್ಲಿ 50 ಕೌನೋಸ್ ರೇ, ಅಮೆರಿಕದ ಟಚ್ ಟ್ಯಾಂಕುಗಳ ಅಚ್ಚುಮೆಚ್ಚಿನ ಜಾತಿ. ಬೇರೆ ತೊರಕೆಗಳು ತಳ ಹಿಡಿದು ಮಲಗಿದರೆ ಇದು ರೆಕ್ಕೆ ಬಡಿಯುತ್ತ ಗೋಡೆಗುಂಟ ಸುತ್ತುತ್ತದೆ, ರೆಕ್ಕೆತುದಿಯನ್ನು ನೀರಿನಿಂದ ಮೇಲೆತ್ತುತ್ತದೆ, ಮಕ್ಕಳ ಅಂಗೈಗೆ ತಾನಾಗಿ ಬಂದು ತಾಗುತ್ತದೆ. ನೋಡುವವರಿಗೆ ಅದು ಸ್ನೇಹ. ಆದರೆ ಇದು ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ಹಿಂಡುಗಟ್ಟಿ ವಲಸೆ ಹೋಗುವ ಮೀನು. ಸುತ್ತುವುದು ಬಿಟ್ಟು ತೊಟ್ಟಿಯಲ್ಲಿ ಅದಕ್ಕೆ ಬೇರೆ ದಾರಿ ಎಲ್ಲಿದೆ? ಸದಾ ಈಜುವ ಮೈಗೆ ಆಮ್ಲಜನಕವೂ ಹೆಚ್ಚು ಬೇಕು. ಕಡಿಮೆ ಆಳದ ನೀರಿಗೆ ಇಂಥವನ್ನು ಡಜನ್‌ಗಟ್ಟಲೆ ಬಿಟ್ಟರೆ, ಗಾಳಿ ನಿಂತ ಮೇಲೆ ಸಿಬ್ಬಂದಿಗೆ ಸಿಗುವ ಸಮಯ ತೀರಾ ಸ್ವಲ್ಪ. ಬಸಿರಿಗೆ ಸಾಮಾನ್ಯವಾಗಿ ಒಂದೇ ಮರಿ, ಅದೂ ವರ್ಷದ ಹತ್ತಿರ ಹೊತ್ತು. ಹೀಗೆ ನಿಧಾನ ಹೆಚ್ಚುವ ಜೀವವನ್ನು ಕಡಲಿನಿಂದ ಹಿಡಿದು ತಂದು ನಷ್ಟ ತುಂಬಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಸದರ್ನ್ ಸ್ಟಿಂಗ್‌ರೇ ವಾಸಿ ಎನ್ನುವವರಿದ್ದಾರೆ. ಗಂಡಾದರೆ ಸರಿ. ಹೆಣ್ಣು ಒಂದೂವರೆ ಮೀಟರ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಗಂಡು ಅದರ ಅರ್ಧದಷ್ಟು. ಎರಡನ್ನೂ ಕೂಡಿಟ್ಟರೆ ಗಂಡುಗಳು ಹೆಣ್ಣಿನ ರೆಕ್ಕೆ ಕಚ್ಚಿ ಗಾಯ ಮಾಡುತ್ತವೆ. ನನ್ನ ಮತ ಯೆಲ್ಲೊ ಸ್ಟಿಂಗ್‌ರೇಗೆ: ಒಂದಡಿಯ ಆಸುಪಾಸಿನ ದುಂಡನೆಯ ಮೈ. ರೆಕ್ಕೆಯಂಚನ್ನು ಅಲೆಯಾಡಿಸಿ ಮರಳೆಬ್ಬಿಸುತ್ತದೆ, ಆ ಮರಳು ಬೆನ್ನ ಮೇಲೆ ಕೂತಾಗ ಕಾಣುವುದು ಎರಡು ಕಣ್ಣು, ಅವುಗಳ ಹಿಂದೆ ಉಸಿರಿಗೊಮ್ಮೆ ತೆರೆದು ಮುಚ್ಚುವ ಎರಡು ಕಿಂಡಿ. ತಳಕ್ಕೆ ನುಣ್ಣನೆ ಮರಳೇ ಬೇಕು. ಚೂಪು ಜಲ್ಲಿ ಹೊಟ್ಟೆ ಉಜ್ಜುತ್ತದೆ. ಬೇರೆ ಮೀನಿಗೆ ಹಾಕುವ ತಾಮ್ರದ ಔಷಧಿ ತೊರಕೆಗೆ ವಿಷ. ಅಯೋಡಿನ್ ಕೊರತೆಯಾದರೆ ಅದಕ್ಕೂ ಗಳಗಂಡ ಬರುತ್ತದೆ.

ಮುಟ್ಟುವವರಿಗೆ ಚುಚ್ಚದಿರಲೆಂದು ಬಾಲದ ಮುಳ್ಳು ಕತ್ತರಿಸುವುದನ್ನು ಕ್ರೌರ್ಯ ಎನ್ನುವವರ ಜೊತೆ ನಾನಿಲ್ಲ. ಅದು ಉಗುರಿನಂತೆ ಮತ್ತೆ ಬೆಳೆಯುತ್ತದೆ. ಆಗಾಗ ಕತ್ತರಿಸುತ್ತಿರಬೇಕು, ಅಷ್ಟೆ. ಕೈ ಸೋಕುವುದೇ ಹಿಂಸೆ ಎಂಬ ವಾದವೂ ನಿಲ್ಲುವುದಿಲ್ಲ. ಶಿಕಾಗೊದ ಶೆಡ್ ಅಕ್ವೇರಿಯಂ 2017ರಲ್ಲಿ ಪ್ರಕಟಿಸಿದ ಅಧ್ಯಯನ ಸ್ಪರ್ಶದಿಂದ ತೊರಕೆಗಳಿಗೆ ಕೇಡಾದದ್ದನ್ನು ಕಾಣಲಿಲ್ಲ. ಆದರೆ ಒಳ್ಳೆಯ ಅಕ್ವೇರಿಯಂನ ಆರೈಕೆಯಲ್ಲಿ ಬಂದ ಫಲಿತಾಂಶವನ್ನು ಬೇಸಿಗೆ ರಜೆಗೆಂದು ಹೂಡಿದ ಎಲ್ಲ ತೊಟ್ಟಿಗಳಿಗೂ ಪ್ರಮಾಣಪತ್ರ ಮಾಡಿಕೊಳ್ಳುವುದು ಜಾಣತನವಲ್ಲ, ಚಾಲಾಕಿತನ. ತೊಟ್ಟಿಯ ಅರ್ಧಭಾಗವಾದರೂ ಯಾರ ಕೈಗೂ ಎಟುಕಬಾರದು. ಆಮ್ಲಜನಕ ಇಳಿದರೆ ನಡುರಾತ್ರಿಯೂ ಒಬ್ಬರ ಫೋನ್ ಹೊಡೆದುಕೊಳ್ಳಬೇಕು, ಬದಲಿ ಸಿಲಿಂಡರ್ ಪಕ್ಕದಲ್ಲೇ ಇರಬೇಕು.

ಹೂತು ಮಲಗಿದ ಮೀನಿಗೆ ಟಿಕೆಟ್ ಕೊಳ್ಳುವವರಾರು ಎಂದು ಆಡಳಿತದವರು ಕೇಳುತ್ತಾರೆ. ಊಟದ ಹೊತ್ತನ್ನು ಫಲಕದಲ್ಲಿ ಬರೆದು ಹಾಕಲಿ. ಸೀಗಡಿಯ ವಾಸನೆಗೆ ಮರಳು ಕೊಡವಿಕೊಂಡು ಏಳುವ ತೊರಕೆಯನ್ನು ನೋಡಲು ಜನ ಕಾಯುತ್ತಾರೆ.